ಗುಲಾಬಿ ಹವಳದ ಜಾಗ

ಬೆಳ್ಳಗಾಗಿದೆ, ಇಡೀ ಒಂದು ಮಗ್ಗುಲು ಬೆಳ್ಳಗಾಗಿದೆ, ನಿನ್ನೆ ಸಂಜೆ ಕೂಡ ಗುಲಾಬಿ ಬಣ್ಣಕ್ಕೆ ಅರಳಿಕೊಂಡಿದ್ದ ಹವಳ, ಉಗುರಿನಷ್ಟಿದ್ದಾಗ ತಂದು ಅವಳೇ ಬೆಳೆಸಿದ್ದು — ಅಕ್ವೇರಿಯಂನ ಉಪ್ಪುನೀರಿಗೆ ಮೊಣಕೈವರೆಗೆ ಕೈ ಇಳಿಬಿಟ್ಟು ಅದನ್ನು ಬಂಡೆಯಿಂದ ಮೆಲ್ಲಗೆ ಬಿಡಿಸಿದಳು. ಪಕ್ಕದಲ್ಲೇ ಆ ಹಸಿರು ಹವಳ, ಗಂಡ ಮೊನ್ನೆ ತಂದು ಅಂಟಿಸಿದ್ದು, ಹಗಲೆಲ್ಲ ಏನೂ ಅರಿಯದ ಹಾಗೆ ಬಳುಕುತ್ತಿರುತ್ತದೆ, ದೀಪ ಆರಿದ ಮೇಲೆ ಎಳೆಗಳನ್ನು ಗೇಣುದ್ದ ಚಾಚಿ ಪಕ್ಕದ್ದನ್ನು ಸುಡುತ್ತದೆ, ದೂರ ಇಡಿ ಎಂದು ಬಾಯಿ ಬಿಟ್ಟು ಹೇಳಿದ್ದಳು, ಅವನು ನಕ್ಕ, ಅಯ್ಯೋ ಹೊಂದ್ಕೊಳ್ತವೆ ಬಿಡು — ಹೊಂದ್ಕೊಳ್ತವಂತೆ, ನೀರು ಬದಲಾಯಿಸುವವಳು ಅವಳು, ಗಾಜಿನ ಪಾಚಿ ಕೆರೆಯುವವಳು ಅವಳು, ಬಂದವರ ಮುಂದೆ ಮೀಸೆ ತಿರುವುವವನು ಅವನು, ನಿನ್ನೆ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು, ತಮ್ಮ ನಾಳೆ ಬರ್ತಾನೆ, ನಿನ್ನ ರೂಮು ಅವನಿಗಿರಲಿ, ಮೇಜು ಬಾಲ್ಕನಿಗೆ ಹಾಕ್ಕೋ, ಅವನೇನು ಹೊರಗಿನವನಾ, ಸ್ವಲ್ಪ ಹೊಂದ್ಕೋ — ಕೇಳಿದ್ದಲ್ಲ, ತಿಳಿಸಿದ್ದು. ಊರಿನ ಬೊಚ್ಚುಬಾಯಿಗಳಿಗೆಲ್ಲ ಅವಳು ಹಲ್ಲಿನ ಸೆಟ್ ಮಾಡಿಕೊಡುವ ಮೇಜು ಅದು, ಬಾಲ್ಕನಿಯ ಬಿಸಿಲಿಗೆ ಮೇಣ ಕರಗಿ, ಅಚ್ಚುಗಳೆಲ್ಲ ಕಲಸಿಹೋಗಿ, ಯಾರ ಬಾಯಿಗೆ ಯಾರ ಹಲ್ಲೋ, ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಹಾಗೆ, ಪಾಪ, ಮೈದುನ ಹಾವಲ್ಲ, ಹಾವಾಗುವಷ್ಟು ಚುರುಕೂ ಅವನಿಗಿಲ್ಲ, ಸಿಟ್ಟು ಅವನ ಮೇಲಲ್ಲ. ಇದನ್ನೀಗ ಎಲ್ಲಿಡುವುದು, ಮೇಲಕ್ಕೆ — ಬೆಳಕು ಜಾಸ್ತಿ, ಗಾಯದ ಮೈ ತಡೆಯಲಾರದು, ಕೆಳಕ್ಕೆ — ಮರಳು ಮುಚ್ಚುತ್ತದೆ, ಹಿಂದಿನ ಮೂಲೆಗೆ — ಅಲ್ಲಿ ನೀರೇ ಆಡುವುದಿಲ್ಲ, ಯಾರ ಕಣ್ಣಿಗೂ ಬೀಳದೆ ಸಾಯುತ್ತದೆ, ಅಲ್ಲ, ಸುಟ್ಟಿದ್ದು ಅದು, ಎದ್ದು ಹೋಗಬೇಕಾದದ್ದು ಇದಾ, ಯಾವೂರ ನ್ಯಾಯ ಇದು, ಹಸಿರನ್ನು ಕಿತ್ತು ಆ ತುದಿಯ ಮರಳಿನ ಮೇಲೆ ಕೂರಿಸಿದಳು, ಅದು ಹೊಂದಿಕೊಳ್ಳಲಿ, ಗುಲಾಬಿಯ ಬುಡಕ್ಕೆ ಅಂಟು ಹಚ್ಚಿ ಹಳೆಯ ಜಾಗದಲ್ಲೇ ಒತ್ತಿ ಹಿಡಿದಳು, ಅಂಟು ಕಚ್ಚುವವರೆಗೆ ಕೈ ತೆಗೆಯುವಂತಿಲ್ಲ, ಒಳಗಿನಿಂದ ಅವನ ದನಿ, ಬಾ ಇಲ್ಲಿ, ಮೇಜಿನ ಆ ಕಡೆ ಹಿಡ್ಕೋ, ಅವನು ಬರೋ ಹೊತ್ತಾಯ್ತು, ಮೇಜಿನ ಕಾಲು ನೆಲಕ್ಕೆ ಉಜ್ಜುವ ಸದ್ದು, ಎಷ್ಟು ಹೊತ್ತಾಯಿತು ಒತ್ತಿ ಹಿಡಿದು, ಬೆರಳೂ ಅಂಟಿಕೊಂಡಿದೆ, ದಿನವೂ ಹಲ್ಲು ಅಂಟಿಸುವ ಕೈಗೆ ಇಷ್ಟೂ ಗೊತ್ತಾಗಬಾರದಾ, ಈಗ ಎಳೆದರೆ ಹವಳವೇ ಕಿತ್ತು ಬರುತ್ತದೆ, ಮತ್ತೆ ಆ ಸದ್ದು, ಮೇಜು ಎಳೀಬೇಡಿ ರೀ, ಅದು ಅಲ್ಲೇ ಇರುತ್ತೆ, ನಿಮ್ಮ ತಮ್ಮನಿಗೆ ಹಾಲ್‌ನಲ್ಲಿ ಹಾಸಿ — ಯಾರು ಹೇಳಿದ್ದು ಇದನ್ನು, ಅವಳೇ, ಜೋರಾಗಿಯೇ, ಸದ್ದು ನಿಂತಿತು, ಅವನು ಬಾಗಿಲಿಗೆ ಬಂದ, ಏನಂದೆ, ಅವಳು ತಿರುಗಲಿಲ್ಲ, ತಿರುಗುವಂತೆಯೂ ಇಲ್ಲ, ನೀರಿನೊಳಗೆ ಬೆರಳು, ಬೆರಳಿಗೆ ಹವಳ, ಹವಳಕ್ಕೆ ಬಂಡೆ, ಕೇಳಿಸ್ತಿಲ್ವಾ, ಏನಂದೆ ನೀನು, ಬೆರಳು, ಹವಳ, ಬಂಡೆ —