ಎರಡೆಕರೆ ಬೀಳು

ಬ್ರೆಜಿಲ್ ಏರುತ್ತಲೇ ಇತ್ತು. ಹಲಗೆಯಲ್ಲಿ ಜಾಗ ಸಾಲದೆ ಶಂಭುಲಿಂಗಪ್ಪ ಗೆರೆಯನ್ನು ಗೋಡೆಯ ಮೇಲಕ್ಕೂ ಎಳೆದ. ಅದರ ಕೆಳಗೆ ಭಾರತದ ಗೆರೆ ಅರ್ಧ ಶತಮಾನದಿಂದ ಹೆಚ್ಚೂಕಮ್ಮಿ ಅಲ್ಲೇ ಮಲಗಿತ್ತು. ಒಂದು ದೇಶ ಉಳುವ ನೆಲವನ್ನು ಹಿಗ್ಗಿಸುತ್ತಾ ಹೋಗಿದೆ, ಇನ್ನೊಂದು ಇದ್ದಷ್ಟರಲ್ಲೇ ಕೂತಿದೆ. ಯಾಕೆ ಎಂದು ಕೇಳಿದ. ಚಾಮರಾಜನಗರದ ಆ ಕಾಲೇಜಿನ ಐವತ್ತು ಮುಖಗಳು ಗೆರೆಗಳನ್ನು ನಕಲು ಮಾಡಿಕೊಂಡವು. ಯಾಕೆಂಬುದು ಯಾರಿಗೂ ಬೇಕಿರಲಿಲ್ಲ.

"ಇದು ಎಕ್ಸಾಮ್‌ಗೆ ಬತ್ತದಾ ಸಾ?" ಎಂದಳು ಮುಂದಿನ ಬೆಂಚಿನವಳು.

ಬರುತ್ತದೆ ಎಂದ. ಉಳುವವರ ಮಕ್ಕಳು, ಉಳುವ ನೆಲವೆಂದರೆ ಐದು ಅಂಕ. ಅಸಹ್ಯವಾಯಿತು. ಹಾಗೆ ಅಸಹ್ಯಪಡುವುದು ಅವನಿಗೆ ಹಿತವೂ ಆಗಿತ್ತು.

ಮಧ್ಯಾಹ್ನ ರಜೆ ಹಾಕಿ ಗುಂಡ್ಲುಪೇಟೆಯ ಬಸ್ಸು ಹತ್ತಿದ. ಅಲ್ಲಿಂದಾಚೆ ಹಂಗಳದಲ್ಲಿ ಅಪ್ಪ ಅವನ ಹೆಸರಿಗೆ ಬಿಟ್ಟುಹೋದ ಎರಡೆಕರೆ ಇತ್ತು. ಹತ್ತು ವರ್ಷ ಅತ್ತ ತಲೆ ಹಾಕಿರಲಿಲ್ಲ. ಈಗ ರೆಸಾರ್ಟ್ ಕಟ್ಟುವವನೊಬ್ಬ ಕೇಳುತ್ತಿದ್ದ. ಪಹಣಿಯಲ್ಲಿ ಬೀಳು ಎಂದೇ ಇರಬೇಕು, ಬೇರೆಯವರ ಬೆಳೆ ಕಾಣಿಸಿದರೆ ನಾಳೆ ತಕರಾರು ಎಂದಿದ್ದ. ಅಷ್ಟರಲ್ಲಿ ಅದೇ ಊರಿಗೆ ಕೊಟ್ಟಿದ್ದ ಅಕ್ಕ ಗುರುಮಲ್ಲಮ್ಮ, ಒಂದು ಮಾತೂ ಕೇಳದೆ, ಅಲ್ಲಿ ಹುರುಳಿ ಚೆಲ್ಲಿಬಿಟ್ಟಿದ್ದಳು.

ಬದುವಿನ ಮೇಲೆ ಪುಟ್ಟಮಾದು ಕಾಯುತ್ತಿದ್ದ. ಆಟೋ ಓಡಿಸುವವನು, ಸೀಸನ್ನಿನಲ್ಲಿ ಸರ್ಕಾರದ ಬೆಳೆ ಸಮೀಕ್ಷೆಗೂ ಹೋಗುತ್ತಾನೆ. ಹೊಲಹೊಲಕ್ಕೂ ನಡೆದು ಫೋಟೋ ತೆಗೆದು ಬೆಳೆಯ ಹೆಸರನ್ನು ಮೊಬೈಲಿಗೆ ತುಂಬಬೇಕು; ಪಹಣಿಗೆ ಏರುವುದೂ ಅದೇ. ಆನೆ ಕಾಟಕ್ಕೆ ಹೆದರಿ ಜನ ಬಿತ್ತದೆ ಬಿಟ್ಟ ಹೊಲಗಳಿಗೆಲ್ಲ ಅಲ್ಲಲ್ಲೇ ಮರದಡಿ ಕೂತು ಹೋದ ವರ್ಷದ ಬೆಳೆಯನ್ನೇ ಹಾಕುತ್ತೇನೆಂದು ಅವನೇ ಹೇಳಿಕೊಂಡ. ದೇಶದ ನೇರ ಗೆರೆ ಈ ಕೊಳಕು ಹೆಬ್ಬೆರಳಿನಲ್ಲಿ ಹುಟ್ಟುತ್ತದೆ ಎಂದು ಶಂಭುಲಿಂಗಪ್ಪ ಒಳಗೇ ನಕ್ಕ.

"ಇದಕ್ಕೆ ಬೀಳು ಅಂತ ಹಾಕು."

"ಇಲ್ದೆ ಇರೋದ್ನ ಅದೆ ಅಂತ ಬರ್ದು ಅಭ್ಯಾಸ ಸಾ. ಇರೋದ್ನ ಇಲ್ಲ ಅನ್ನದು ಇದೇ ಮೊದ್ಲು," ಎಂದ ಪುಟ್ಟಮಾದು.

ಹೊಲದ ನಡುವೆ ಕಳೆ ಕೀಳುತ್ತಿದ್ದ ಅಕ್ಕ ಏಳಲಿಲ್ಲ. ಉಂಡೆಯಾ ಎಂದು ಕೇಳಿದಳು. ಉಣ್ಣದಿದ್ದವನು ಉಂಡೆ ಎಂದ. ಯಾರನ್ನು ಕೇಳಿ ಬಿತ್ತಿದೆ ಎಂದದ್ದಕ್ಕೆ, ನೆಲ ಸುಮ್ಮನೆ ಬಿದ್ದಿತ್ತಲ್ಲ ಎಂದಳು.

"ಬರೀ ಹುರುಳಿಗೆ ಇಷ್ಟೆಲ್ಲ ಯಾಕಕ್ಕ?"

"ನಿಂಗೆ ಬರೀ ಹುರುಳಿ ಕಣಪ್ಪ. ನಮ್ಮನೇಲಿ ವರ್ಷದ ಸಾರು." ಆಮೇಲೆ ಪುಟ್ಟಮಾದುವಿನ ಕಡೆ ತಿರುಗಿ, "ನನ್ ಹೆಸ್ರಲ್ಲಿ ಬರ್ಕೊ," ಎಂದಳು.

ಪುಟ್ಟಮಾದು ಇಬ್ಬರನ್ನೂ ನೋಡಿ ಮೊಬೈಲ್ ಒರೆಸಿಕೊಂಡ. ಹೊಲದ ಒಳಗಿನಿಂದಲೇ ಫೋಟೋ ಬೇಕು, ಇಲ್ಲದಿದ್ದರೆ ಆಪ್ ತಗೊಳ್ಳುವುದಿಲ್ಲ ಎಂದು ಮೇಷ್ಟ್ರಿಗೆ ಮೆಲ್ಲಗೆ ವಿವರಿಸಿದ. ಪಕ್ಕಕ್ಕೆ ಸರಿಯಕ್ಕ ಎಂದರೆ ಅವಳು ಸರಿಯಲಿಲ್ಲ. ಕೊನೆಗೆ ಅವನೇ ಉಪಾಯ ಹೇಳಿದ.

"ನೀವೇ ಅಡ್ಡ ನಿಂತ್ಕಳಿ ಸಾ. ಅಕ್ಕನೂ ಪೈರೂ ಕಾಣ್ದಂಗೆ."

ಶಂಭುಲಿಂಗಪ್ಪ ಅಕ್ಕನಿಗೆ ಬೆನ್ನು ಹಾಕಿ ನಿಂತ. ಇನ್ನೂ ಎಡಕ್ಕೆ ಎಂದ ಪುಟ್ಟಮಾದು. ಸರಿದ. ಬೂಟಿನಡಿ ಏನೋ ಮೆತ್ತಗೆ ಮುರಿಯಿತು. ಕೈಯಗಲಿಸಿ ಎಂದ. ಅಗಲಿಸಿದ. ಇದೆಲ್ಲ ತನಗೆ ಆಗುತ್ತಿರುವುದಲ್ಲ, ಯಾವನೋ ದಡ್ಡನಿಗೆ ಆಗುತ್ತಿದೆ ಎಂಬ ಹಳೆಯ ತಿರಸ್ಕಾರವನ್ನು ತಡಕಾಡಿದ; ಸಿಗಲಿಲ್ಲ.

ನೆಟ್‌ವರ್ಕ್ ಬರಲಿಲ್ಲ. ಪುಟ್ಟಮಾದು ಮೊಬೈಲನ್ನು ಆಕಾಶಕ್ಕೆ ಹಿಡಿದ. ಕಳೆ ಕೀಳುವ ಸದ್ದು ಬೆನ್ನ ಹಿಂದಿನಿಂದ ಹತ್ತಿರ, ಇನ್ನೂ ಹತ್ತಿರ ಬಂದು ಹಿಮ್ಮಡಿಯ ಬಳಿ ನಿಂತಿತು.

"ಕಾಲೆತ್ತು," ಎಂದಳು ಅಕ್ಕ.

ಅವನು ಎತ್ತಲಿಲ್ಲ. ಅವಳು ಒಂದು ಗಳಿಗೆ ಕಾದಳು. ಆಮೇಲೆ ಅವನ ಬೂಟುಗಳ ಸುತ್ತ ಚೊಕ್ಕಟವಾಗಿ ಕಳೆ ಕಿತ್ತು, ಅವನನ್ನು ಅಲ್ಲೇ ಬಿಟ್ಟು, ಮುಂದಕ್ಕೆ ಸರಿದಳು.