ಗಂಟೆ ಬಾರಿಸುವ ತನಕ

ರೀನಿ ಎಂದರೆ ಗ್ರೀಕ್ ಭಾಷೆಯಲ್ಲಿ ಶಾಂತಿ. ದೀಕ್ಷಾಸ್ನಾನದ ದಿನ ಆ ಹೆಸರು ಆರಿಸಿದ ಚಿಕ್ಕಮ್ಮ ಈಗ ಮನೆಗೆ ಬಂದರೆ ಕನ್ನಡಕ ತೆಗೆದು ಚೀಲದೊಳಗಿಟ್ಟೇ ಕೂರುತ್ತಾಳೆ, ಪಾಪ! ಐದು ವರ್ಷದ ಹುಡುಗಿಗೆ ಸಿಟ್ಟು ಬಂತೆಂದರೆ ಕೈಗೆ ಸಿಕ್ಕಿದ್ದೆಲ್ಲ ಗಾಳಿಯಲ್ಲಿ. ಚಮಚ, ಚಪ್ಪಲಿ, ಒಮ್ಮೆ ಇಡೀ ಮೀನು, ಅದೂ ಬೇಯಿಸಿದ್ದು. ಆಮೇಲೆ ಒಡೆದ ಸದ್ದಿಗೆ ತಾನೇ ಹೆದರಿ ಮೇಜಿನ ಕೆಳಗೆ ಸೇರಿ ಬಿಕ್ಕುತ್ತಾಳೆ. ಆ ಬಿಕ್ಕು ಕೇಳುವುದು ಅಮ್ಮ ಲೂಯಿಜಾಗೆ ಮಾತ್ರ.

ಅಂಥ ಮಗು ಹುಟ್ಟಿದ್ದಾದರೂ ಎಲ್ಲಿ? ಗ್ರೀಸಿನ ಕೊರ್ಫು ದ್ವೀಪದಲ್ಲಿ! ಈಸ್ಟರಿನ ಹಿಂದಿನ ಶನಿವಾರ ಹನ್ನೊಂದಕ್ಕೆ ಚರ್ಚಿನ ಗಂಟೆ ಬಾರಿಸಿತೋ, ಊರಿಗೆ ಊರೇ ಬಾಲ್ಕನಿಗಳಿಂದ ನೀರು ತುಂಬಿದ ಮಡಕೆಗಳನ್ನು ಬೀದಿಗೆ ಎಸೆಯುತ್ತದೆ. ಗಂಟೆಗೆ ಮೊದಲೇ ಬಿದ್ದರೆ ಯಾರದೋ ತಲೆ ಹೋಳು. ಅದಕ್ಕೇ ಹಿಂದಿನ ಎರಡು ವರ್ಷ ಆ ದಿನ ರೀನಿಯನ್ನು ಒಳಗೆ ಕೂಡಿಹಾಕಿದ್ದರು.

ಈ ಸಲ ಲೂಯಿಜಾ ಗಟ್ಟಿ ಮನಸ್ಸು ಮಾಡಿದಳು. "ಗಂಟೆ ಬಾರ್ಸೋ ತನಕ ಕಾದ್ರೆ ದೊಡ್ಡ ಮಡಕೆ ನಿಂದೇ ಕಣೇ."

ಅಂದಿನಿಂದ ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನವೂ, ರೀನಿಗೆ ಸಿಟ್ಟು ಬಂದಾಗಲೆಲ್ಲ ಅಮ್ಮ ಕೇಳುವ ಅದೇ ಪಾಠ.

"ಗಂಟೆ ಆಯ್ತಾ?"

"ಇಲ್ಲ."

"ಹಾಗಾದ್ರೆ ಊದು."

ಬಿಸಿ ಸಾರು ಆರಿಸುವ ಹಾಗೆ ಇಬ್ಬರೂ ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಕೆಲವು ದಿನ ಫಲಿಸಿತು. ಉಳಿದ ದಿನ ಲೂಯಿಜಾ ಚೂರು ಗುಡಿಸಿದಳು.

ಶನಿವಾರ ಬಂತು. ಬಾಲ್ಕನಿಗೆ ಕೆಂಪು ಬಟ್ಟೆ ಕಟ್ಟಿ, ಮಡಕೆಗೆ ನೀರು ತುಂಬಿ ತಾಯಿ ಮಗಳು ನಿಂತರು. ಗಂಟೆಗಿನ್ನೂ ಹತ್ತು ನಿಮಿಷ. ಕೆಳಗೆ ಜನ ಓಡಾಡುತ್ತಲೇ ಇದ್ದರು. ಪಕ್ಕದ ಬಾಲ್ಕನಿಯ ಸ್ತಮಾತೆಲ್ಲಜ್ಜಿ ಎದೆ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಅಯ್ಯೋ ದೇವ್ರೇ, ಆ ಪಿಡುಗನ್ನ ಹೊರಗೆ ಬಿಟ್ಯಾ? ಕಟ್ಟಿ ಹಾಕೇ! ಕೆಳಗೆ ನನ್ನ ಮೊಮ್ಮಗ ನಿಂತಿದಾನೆ."

ರೀನಿಯ ಕಿವಿ ಕೆಂಪಾಯಿತು. ಎರಡೂ ಕೈ ಮಡಕೆಯನ್ನು ಅಪ್ಪಿದವು. ಲೂಯಿಜಾ ಹಿಡಿಯಲು ಬಗ್ಗಿದಳು. ರೀನಿ ಮಡಕೆಯ ಬಾಯಿಗೆ ಮುಖವಿಟ್ಟು ಫೂ ಎಂದು ಊದಿದಳು. ನೀರು ಮೂಗಿಗೆಲ್ಲ ಸಿಡಿಯಿತು. ಅಬ್ಬಾ, ನನ್ನ ಬಂಗಾರ!

ಅಜ್ಜಿ ಬಿಡಬೇಕಲ್ಲ. "ಹೆತ್ತವರಿಗೆ ಹೆಗ್ಗಣ ಮುದ್ದು. ತಾಯಿ ನೆಟ್ಟಗಿದ್ದಿದ್ರೆ ಮಗೂನೂ ನೆಟ್ಟಗಿರ್ತಿತ್ತು."

ಎಷ್ಟು ವರ್ಷ ನುಂಗಿಕೊಂಡಿದ್ದಳೋ! "ಸಾಕ್ ಮಾಡಿ!" ಎಂದು ಕಿರುಚಿ ಲೂಯಿಜಾ ಮಡಕೆಯನ್ನು ತಲೆಯ ಮೇಲೆತ್ತಿಯೇ ಬಿಟ್ಟಳು. ಕೆಳಗಿನ ಜನ "ಏಯ್, ಏಯ್!" ಎಂದು ಚದುರಿದರು.

ಯಾರೋ ಲಂಗ ಜಗ್ಗಿದರು.

"ಅಮ್ಮ, ಗಂಟೆ ಆಯ್ತಾ?"

ಲೂಯಿಜಾ ಮಗಳನ್ನು ನೋಡಿದಳು. "ಇಲ್ಲ."

"ಹಾಗಾದ್ರೆ ಊದು."

ಮಡಕೆ ಇಳಿಸಿ ಊದಿದಳು. ನಗುವೂ ಅಳುವೂ ಒಟ್ಟಿಗೇ ಬಂದವು. ರೀನಿ ಪಕ್ಕಕ್ಕೆ ತಿರುಗಿ, "ಅಜ್ಜಿ, ನೀವೂ ಊದಿ. ನಿಮ್ಗೂ ಸಿಟ್ಟು ಬಂದಿದೆ" ಎಂದಳು.

ಅಜ್ಜಿ ಕಕ್ಕಾಬಿಕ್ಕಿ. ಆಮೇಲೆ, ನಂಬಿ, ಊದಿದಳು. ಕಟ್ಟಿಸಿದ ಹಲ್ಲು ಜಾರಿ ಹೊರಬಂತು, ಅದನ್ನು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಜನ ಗೋಡೆಗೆ ಸರಿದರು, ಬೀದಿ ಖಾಲಿಯಾಯಿತು, ಗಂಟೆ ಬಾರಿಸಿತು.

"ಈಗ ಹಾಕಮ್ಮಾ!" ಎಂದಳು ಲೂಯಿಜಾ.

ತಾಯಿ ಮಗಳು ಸೇರಿ ನೂಕಿದರು. ಢಂ! ಬೀದಿಯೆಲ್ಲ ನೀರು, ಚೂರು, ಚಪ್ಪಾಳೆ. ರೀನಿ ಮೇಜಿನ ಕೆಳಗೆ ಓಡಲಿಲ್ಲ. ಕಂಬಿ ಹಿಡಿದು ಕೇಕೆ ಹಾಕುತ್ತಾ ಕುಣಿದಳು. ಸ್ತಮಾತೆಲ್ಲಜ್ಜಿ ತನ್ನ ಮಡಕೆಯನ್ನು ಇತ್ತ ಚಾಚಿದಳು.

"ಬಾರೇ ಪಿಡುಗೇ, ಇದನ್ನೂ ನೀನೇ ಹಾಕು."