ಬಿಡಾರದವರು

ಫೆಬ್ರವರಿಯಲ್ಲಿ ರಾಜಧಾನಿಯವರು ಊರಿನ ರೇಡಿಯೊದಲ್ಲಿ ಗಗೌಜ್ ಎಂಬ ಅಲ್ಪಸಂಖ್ಯಾತರ ಭಾಷೆಯ ಅರ್ಧ ಗಂಟೆಯ ಕಾರ್ಯಕ್ರಮವನ್ನು ನಿಲ್ಲಿಸಿ, ಕೋಣೆಗೆ ಬೀಗ ಹಾಕಿದರು.

ಬೀಗ ತೆರೆದದ್ದು ಆಗಸ್ಟಿನಲ್ಲಿ. ಬುಜಾಕ್ ಬಯಲಿನ ಗಗೌಜ್ ಹಳ್ಳಿಗಳು ದೇಶದಿಂದ ಬೇರೆಯಾಗುತ್ತೇವೆಂದು ಎದ್ದು ನಿಂತಿದ್ದವು. ಒಗ್ಗಟ್ಟಾಗಿರಿ ಎಂದು ಅಧ್ಯಕ್ಷರು ರಾಜಧಾನಿಯಿಂದ ಮನವಿ ಮಾಡಿದ್ದರು. ಆ ಮನವಿ ಹಳ್ಳಿಗರ ಕಿವಿಗೆ ಬೀಳಬೇಕಾದರೆ ಹಳ್ಳಿಗರ ಭಾಷೆಯೇ ಆಗಬೇಕು. ಹಾಗಾಗಿ ಆ ಅರ್ಧ ಗಂಟೆಯ ದನಿಯಾಗಿದ್ದ ದೊಮ್ನಿಕಾಳಿಗೆ ಕರೆ ಹೋಯಿತು. ದ್ರಾಕ್ಷಿ ತೋಟದ ಕೂಲಿ ಬಿಟ್ಟು ಬಂದಳು.

ಧ್ವನಿಯಂತ್ರದ ಮುಂದಿದ್ದ ಮುದುಕ ಜಹಾರ್ ಕಣ್ಣು ಮಿಟುಕಿಸಿದ. "ಬಾರವ್ವ ಬಾ. ಮನೆಗೆ ಬೆಂಕಿ ಬಿದ್ದಾಗ ಇವ್ರಿಗೆ ಬಾವಿ ನೆನಪಾಯ್ತು."

"ಬಾವಿಗೆ ಮಣ್ಣು ತುಂಬಿದ್ದೂ ಇವ್ರೇ ಅಲ್ವಾ ಜಹಾರಣ್ಣ?"

ರಾಜಧಾನಿಯಿಂದ ಬಂದಿದ್ದ ಅಧಿಕಾರಿ ವಲೇರಿಯು ಕೇಳಿಸಿಕೊಳ್ಳದವನಂತೆ ಅಧ್ಯಕ್ಷರ ಭಾಷಣದ ಹಾಳೆಗಳನ್ನು ಅವಳ ಮುಂದಿಟ್ಟ. "ತರ್ಜುಮೆ ಮಾಡಿ, ಚೆನ್ನಾಗಿ ಓದಿಬಿಡಿ. ಸೋಮವಾರದಿಂದ ನಿಮ್ಮ ಅರ್ಧ ಗಂಟೆ ನಿಮಗೆ ವಾಪಸ್."

ದೊಮ್ನಿಕಾಳ ಎದೆ ಹಿಗ್ಗಿತು. ಬೇರೆ ಭಾಷೆ ತಿಳಿಯದ ಅಜ್ಜಿಯರು ಈಗಲೂ ಬೀದಿಯಲ್ಲಿ ತಡೆದು, "ನಮ್ ಪೆಟ್ಟಿಗೆ ಯಾವಾಗ ಬಾಯಿ ಬಿಡುತ್ತೆ ಮಗಳೇ?" ಎಂದು ಕೇಳುತ್ತಿದ್ದರು.

ಬರೆಯುತ್ತ ಹೋದವಳ ಪೆನ್ನು ಒಂದು ಪದದ ಬಳಿ ನಿಂತಿತು. ರಾಜಧಾನಿಯ ಭಾಷೆಯಲ್ಲಿ ಅದು 'ಸಹನಿವಾಸಿಗಳು', ಕಾನೂನಿನ ಇಸ್ತ್ರಿ ಹಾಕಿಕೊಂಡ ಪದ. ಭಾಷಣದಲ್ಲಿ ಹೀಗಿತ್ತು: ನಮ್ಮ ಜನ, ಮತ್ತು ನಮ್ಮ ಸಹನಿವಾಸಿಗಳು. ಗಗೌಜಿಗೆ ಇಳಿಸಿದರೆ ಇಸ್ತ್ರಿಯೆಲ್ಲ ಕಳಚಿ ಉಳಿಯುವುದು ಒಂದೇ: ಬಿಡಾರದವರು. ಅದನ್ನೇ ಬರೆದಳು.

ಜಹಾರ್ ಇಣುಕಿ ನೋಡಿದ. "ಓಹೋ, ನಾವು ಬಿಡಾರದೋರಾ! ಹಂಗಾದ್ರೆ ನಮ್ಮಜ್ಜನ ಗೋರಿಗೂ ಬಾಡಿಗೆ ಕಟ್ಬೇಕೇನಪ್ಪಾ?"

ದೊಮ್ನಿಕಾ ಪದದ ಮೇಲೆ ಬೆರಳಿಟ್ಟು ಅರ್ಥ ಹೇಳಿದಾಗ ವಲೇರಿಯುವಿನ ಮುಖ ಬಿಳಿಚಿತು. "ಬೇಡ, ಬೇಡ. 'ಸೋದರರು' ಅಂತ ಹಾಕಿ."

"ಅಧ್ಯಕ್ಷರು ಸೋದರರು ಅಂದ್ರಾ?"

"ಅವರ ಮನಸ್ಸಲ್ಲಿರೋದು ಅದೇ."

"ಮನಸ್ಸಿಂದು ನಂಗೆ ತರ್ಜುಮೆ ಮಾಡಕ್ಕೆ ಬರಲ್ಲ ಸ್ವಾಮಿ. ಬಾಯಿಂದು ಮಾತ್ರ."

"ನೀವೂ ಬೇರೆ ಆಗ್ಬೇಕು ಅನ್ನೋರ ಕಡೆಯಾ?"

"ನಾನಾ? ನಮ್ಮತ್ತೆ ನಿಮ್ ಭಾಷೇಲಿ ಬೈತಾರೆ, ನಾನು ನನ್ ಭಾಷೇಲಿ ತಿರುಗಿಸಿ ಬೈತೀನಿ. ಒಲೆ ಮಾತ್ರ ಒಂದೇ. ಒಗ್ಗಟ್ಟು ನಂಗೆ ಕಲಿಸ್ಬೇಡಿ. ಅಲ್ಲಿ ನಿಮ್ಮೋರ ಎದುರು ನಾವು ಬಿಡಾರದೋರು, ಇಲ್ಲಿ ನಮ್ಮೋರ ಎದುರು ಸೋದರರು. ಇದ್ಯಾವ ಸೀಮೆ ಒಗ್ಗಟ್ಟು?"

"ಬಿಡಾರ ಅಂತ ಓದಿದ್ರೆ ಊರು ಹೊತ್ಕೊಳುತ್ತೆ. ಹೊಣೆ ಯಾರು?"

"ಅಂದೋರು."

ವಲೇರಿಯು ತನ್ನ ಪೆನ್ನು ತೆಗೆದು ಅವಳ ಪದವನ್ನು ಹೊಡೆದುಹಾಕಿದ. ಮೇಲೆ ದಪ್ಪಕ್ಷರದಲ್ಲಿ 'ಸೋದರರು' ಎಂದು ಬರೆಸಲು ಹಾಳೆಯನ್ನು ಅವಳತ್ತ ನೂಕಿದ. ಗಗೌಜಿನ ಒಂದಕ್ಷರವೂ ಅವನಿಗೆ ಬರುತ್ತಿರಲಿಲ್ಲ.

"ಬರೆದು ಓದಿ. ಇಲ್ಲದಿದ್ರೆ ಈ ಕೋಣೆಗೆ ಮತ್ತೆ ಬೀಗ. ಈ ಸಲ ತೆಗೆಯಲ್ಲ."

ದೊಮ್ನಿಕಾ ಮೈಕನ್ನು ನೋಡಿದಳು. ಬೀದಿಯ ಅಜ್ಜಿಯರು ಕಣ್ಣ ಮುಂದೆ ಬಂದರು. ಅವರು ಕಾಯುತ್ತಿರುವ ದನಿಯಲ್ಲೇ ಅವರಿಗೆ ಸುಳ್ಳು ಹೇಳುವುದೆ? ಪೆನ್ನಿನ ಮುಚ್ಚಳ ಹಾಕಿದಳು.

"ಬರೆಯಲ್ಲ, ಓದಲ್ಲ. ಹಾಕ್ಕೊಳ್ಳಿ ಬೀಗ. ಮೊದಲು ಅಧ್ಯಕ್ಷರು ಆ ಮಾತನ್ನ ಅಲ್ಲಿ, ಅವ್ರ ಭಾಷೇಲಿ, ಅವ್ರ ಜನದ ಎದುರು ತಿದ್ದಲಿ."